ಜೇಬಿನ ಬೆಂಕಿಪೊಟ್ಟಣ

ಈ ಕಡ್ಡಿಯೂ ಹತ್ತಲಿಲ್ಲ, ಮದ್ದು ಉದುರಿ ಬೆರಳಿಗೆ ಅಂಟಿತು, ಸಮುದ್ರದ ಪಕ್ಕದ ಮನೆಯಲ್ಲಿ ಉಪ್ಪೇ ನೀರಾಗುತ್ತೆ, ಬೆಂಕಿಕಡ್ಡಿಯ ಪಾಡೇನು, ಡಬ್ಬಿಯಿಂದ ಹೊರಗೆ ಮರೆತರೆ ಸಾಕು ಮೆತ್ತಗಾಗಿ ಕೂರುತ್ತೆ — ನಡುಮನೆಯಲ್ಲಿ ನಗು, ಗಂಡನ ಎದೆಯ ಮೇಲಿನ ಪದಕವನ್ನು ಒಬ್ಬೊಬ್ಬರೂ ಮುಟ್ಟಿ ನೋಡುತ್ತಿರಬೇಕು, ಟೀ ಆಯ್ತೇನೇ ಎಂದು ಅತ್ತೆಯ ಕೂಗು, ಆಯ್ತು ಅತ್ತೆ ಅಂದಳು, ಒಲೆಯೇ ಹತ್ತಿಲ್ಲ. ಪದಕ ಕೊಟ್ಟ ಸಭೆಯಲ್ಲಿ ಮೈಕಿನ ಮುಂದೆ ಎಷ್ಟು ಚೆನ್ನಾಗಿ ಹೇಳಿದ, ದೋಣಿ ಮಗುಚಿದ್ದು ಕಂಡಿತು, ತಾಯಿ ಮಗು ಮುಳುಗ್ತಾ ಇದ್ರು, ಅಂಗಿ ಬಿಚ್ಚೋಕೂ ಪುರುಸೊತ್ತಿರಲಿಲ್ಲ, ಭಾವಮೈದನಿಗೆ ಇಂಜಿನ್ ನೋಡ್ಕೋ ಅಂತ ಹೇಳಿ ಹಾಗೇ ಹಾರಿದೆ, ಇಬ್ಬರನ್ನೂ ಎತ್ತಿ ತಿರುಗಿ ನೋಡಿದ್ರೆ ಹುಡುಗ ಮಾತು ಕೇಳದೆ ತಾನೂ ಹಾರಿಬಿಟ್ಟಿದ್ದ — ಸಭೆಯೆಲ್ಲ ಕಣ್ಣೊರೆಸಿಕೊಂಡಿತು, ಅವಳೂ ಒರೆಸಿಕೊಂಡಳು, ಅವಳ ತಮ್ಮನಲ್ಲವೇ, ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಮಾತು ಕೇಳಲಿಲ್ಲವಂತೆ, ಭಾವ ಹಾಕಿದ ಗೆರೆ ದಾಟದವನು. ಸತ್ತವನು ಬಂದು ಇಲ್ಲ ಅನ್ನುತ್ತಾನೆಯೇ, ಆ ತಾಯಿಗೆ ಎಚ್ಚರವೇ ಇರಲಿಲ್ಲ, ಮಗುವಿಗೆ ಮಾತು ಬಾರದು, ವೇದಿಕೆಯ ಮೇಲೆ ಇವನು ಎತ್ತಿಕೊಳ್ಳಲು ಹೋದರೆ ಮುಖ ತಿರುಗಿಸಿತು, ಮಕ್ಕಳು ಹೊಸಬರ ಹತ್ತಿರ ಹಾಗೇ. ಹೊಸಬರ ಹತ್ತಿರ.

ಬೇಡ, ಲೋಟ ತೊಳೆಯಬೇಕು, ಸಕ್ಕರೆ ಸಾಲದು — ಅವತ್ತು ಬೆಳಿಗ್ಗೆ ಗಂಡನ ಅಂಗಿಯ ಜೇಬಿಗೆ ಬೆಂಕಿಪೊಟ್ಟಣ ಇಟ್ಟವಳು ಅವಳೇ, ಸಡಿಲವಾಗಿ ಕಡ್ಡಿ ಚೆಲ್ಲುತ್ತಿತ್ತೆಂದು ಮಗಳ ಜಡೆಯ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದಳು, ಮಧ್ಯಾಹ್ನ ಎದ್ದೆನೋ ಬಿದ್ದೆನೋ ಎಂದು ದಡಕ್ಕೆ ಓಡಿದಾಗ ಕಂಬಳಿ ಹೊದ್ದು ಕೂತಿದ್ದಾನೆ, ತಲೆ ಒದ್ದೆ, ಒಂದು ಬಕೆಟ್ ನೀರಿಗೂ ತಲೆ ಒದ್ದೆಯಾಗುತ್ತೆ, ತಮ್ಮ ಎಲ್ಲಿ ಅಂದಳು, ಅವನು ಕಂಬಳಿಯೊಳಗೆ ಕೈ ಹಾಕಿ ಜೇಬಿನಿಂದ ಪೊಟ್ಟಣ ತೆಗೆದ, ಕೆಂಪು ಬ್ಯಾಂಡ್ ಸರಿಸಿದ, ಯಾರೋ ಕೊಟ್ಟ ಬೀಡಿಗೆ ಗೀರಿದ, ಒಂದೇ ಗೀರಿಗೆ ಹತ್ತಿತು. ಹಾರುವ ಮುಂಚೆ ಇಂಜಿನ್ ಪಕ್ಕ ತೆಗೆದಿಟ್ಟಿದ್ದನೇನೋ. ಅಂಗಿ ಬಿಚ್ಚಲು ಪುರುಸೊತ್ತಿಲ್ಲದವನು ಬೆಂಕಿಪೊಟ್ಟಣ ತೆಗೆದಿಡುತ್ತಾನೆಯೇ. ಛೇ, ಕಟ್ಟಿಕೊಂಡ ಗಂಡನ ಮೇಲೆ ಇಂಥ ಅನುಮಾನ, ಹುಳ ಹೊಕ್ಕಿದೆ ತಲೆಗೆ, ಆದರೆ ಅಮ್ಮ, ಅಮ್ಮ ಈಗಲೂ ದಿನಾ ಸತ್ತ ಮಗನನ್ನೇ ಬೈಯುತ್ತಾಳೆ, ಹಾಳಾದವನು, ಭಾವನ ಮಾತು ಕೇಳಿದ್ದಿದ್ರೆ ಬದುಕ್ತಿದ್ದ ಅಂತ, ಅಮ್ಮನಿಗೆ ಹೇಳುವವರು ಯಾರು, ಬೈಬೇಡಮ್ಮ, ಅವನೇ ಹಾರಿದ್ದು, ಅವನೊಬ್ಬನೇ — ಇನ್ನೂ ಒಲೆ ಹಚ್ಚಿಲ್ವಾ, ಬಾಗಿಲಲ್ಲಿ ಅವನು, ಕೊಡು ಇಲ್ಲಿ, ಗೀರಿದ, ಹತ್ತಲಿಲ್ಲ, ಮತ್ತೆ ಗೀರಿದ, ತಂಡಿ ಹಿಡಿದಿದೆ ಅಂದ, ಬಗ್ಗಿದಾಗ ಪದಕ ತೂಗಾಡಿತು. ರೀ, ಅವತ್ತು ದಡದಲ್ಲಿ ನಿಮ್ಮದು ಒಂದೇ ಗೀರಿಗೆ ಹತ್ತಿತ್ತಲ್ಲ. ಯಾವತ್ತು, ಅಂದ, ಅನ್ನುವಷ್ಟರಲ್ಲಿ ಅವನ ಕೈ ತಾನಾಗಿ ಹೋಗಿ ಪದಕದ ಕೆಳಗಿನ ಜೇಬು ಮುಟ್ಟಿ ನೋಡಿಕೊಂಡಿತು, ಕುಂಬಳಕಾಯಿ ಕಳ್ಳ ಅಂದರೆ — ನಡುಮನೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅತ್ತೆ ಮತ್ತೆ ಕೂಗಿದರು, ಅವಳಿಗೆ ಕೇಳಿಸಲಿಲ್ಲ, ಕಂಬಳಿ, ಕೆಂಪು ಬ್ಯಾಂಡ್, ಒಣ ಕಡ್ಡಿ, ಒಂದೇ ಗೀರು, ಹತ್ತಿತು, ಒಂದೇ ಗೀರು, ಹತ್ತಿತು.