ಸುಟ್ಟ ಮೀನಿನ ಖಾರ

ಆಲಮಟ್ಟಿಯ ಹಿನ್ನೀರಿನಲ್ಲಿ ದೋಣಿ ಮಗುಚಿ ಸತ್ತ ಮಲ್ಲಣ್ಣನ ಹೆಣ ಸಿಗಲೇ ಇಲ್ಲ. ಹುಡುಕಿದವರು ಕೈಚೆಲ್ಲಿ ಮನೆಗೆ ಹೋದರು.

ಇವತ್ತು ಅವನಿಗೆ ಎಡೆ ಇಡುವ ದಿನ. ಕೆಂಡದ ಮೇಲೆ ಸುಟ್ಟ ಮೀನೆಂದರೆ ಅವನಿಗೆ ಪ್ರಾಣ. ಅದಕ್ಕೆ ಹಚ್ಚುವ ಖಾರವನ್ನು ಹೆಂಡತಿ ದುರ್ಗವ್ವ ಒರಳಿನಲ್ಲಿ ಕುಟ್ಟುತ್ತಿದ್ದಳು. ಹುರಿದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಬೆಲ್ಲ. ಪ್ರತಿ ಸಲ ಮಲ್ಲಣ್ಣನೇ ಬೆರಳಲ್ಲಿ ನೆಕ್ಕಿ, "ಇನ್ನೊಂದೀಟು ಬೆಲ್ಲ ಹಾಕು" ಅನ್ನುತ್ತಿದ್ದ. ಸತ್ತವರ ಎಡೆಯನ್ನು ಮೊದಲು ಯಾರೂ ರುಚಿ ನೋಡುವಂತಿಲ್ಲ. ದುರ್ಗವ್ವ ಅಂದಾಜಿನಲ್ಲೇ ಬೆಲ್ಲ ಹಾಕಿದಳು.

ಮೈದುನ ಪ್ರೇಮಕುಮಾರ ತೋಳುದ್ದದ ಮೀನೊಂದನ್ನು ತಂದು ಪರಾತದಲ್ಲಿ ಹಾಕಿದ.

"ಎಲ್ಲಿ ಸಿಕ್ತೋ?"

"ಅಣ್ಣನ ದೋಣಿ ಮುಳುಗಿದಲ್ಲೇ, ವೈನಿ. ಈಗ ಮೀನ ಅಲ್ಲೇ ಭಾಳ ಅದಾವ. ಹೆಂಗ ಕೊಬ್ಬೈತಿ ನೋಡ್ರಿ."

ಕುಟ್ಟುವ ಕೈ ನಿಂತಿತು. ತಾನು ಏನು ಅಂದೆನೆಂದು ಪ್ರೇಮಕುಮಾರನಿಗೂ ಆಗಲೇ ಹೊಳೆಯಿತು.

ದುರ್ಗವ್ವ ಎದ್ದು, ಎಡೆಗೆಂದು ತಂದಿಟ್ಟ ಹೊಸ ಧೋತರದಲ್ಲಿ ಮೀನನ್ನು ಸುತ್ತಿದಳು. ಖಾರದ ಕೈಯ ಕೆಂಪು ಬಿಳಿ ಬಟ್ಟೆಗೆಲ್ಲ ಹತ್ತಿತು.

"ನಿಂತು ಏನ ನೋಡ್ತಿ? ಹಿತ್ತಲದಾಗ ತಗ್ಗು ತಗಿ!" ಎಂದು ಚೀರಿದಳು. "ಮಣ್ಣು ಕೊಡಾಕ ನಮಗ ಸಿಕ್ಕದ್ದು ಇಷ್ಟ."