ಸೆರಗಿನ ಕೆಳಗೆ

ಪರಶಪ್ಪನ ಬಲಗೈ ದಲಾಲಿ ಸಿದ್ದಾರೂಢನ ಟವೆಲ್ಲಿನ ಕೆಳಗೆ ಹೋಗಿ ಬಹಳ ಹೊತ್ತಾಗಿತ್ತು. ಗುಡ್ಡವ್ವ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಗಜೇಂದ್ರಗಡದ ದನದ ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿಯುತ್ತಾರೆ. ಒಂದು ಬೆರಳಿಗೆ ಹತ್ತು ಸಾವಿರ; ಐದು ಮೀರಿದರೆ ಐದೂ ಬೆರಳು ಹಿಡಿದು ಬಿಟ್ಟು, ಮಿಕ್ಕಷ್ಟನ್ನು ಮತ್ತೆ ಹಿಡಿಯುತ್ತಾರೆ. ಸುತ್ತ ನಿಂತವರಿಗೆ ಅದು ತಿಳಿಯಬಾರದು.

ಮಂಗಳೂರಿನ ಕಟ್ಟಡ ಕೆಲಸದಲ್ಲಿ ಗಂಡ ಹೆಂಡತಿ ಮೂರು ವರ್ಷ ಬುಟ್ಟಿ ಹೊತ್ತು, ಎಲ್ಲ ಖರ್ಚು ಕಳೆದು ಉಳಿಸಿದ್ದು ಎಂಬತ್ತು ಸಾವಿರ. ತಮ್ಮೂರು ಮೆಣಸಗಿಗೆ ಮರಳಿದ ದಿನದಿಂದ ಅದೇ ಜಗಳ. ಬ್ಯಾಂಕಿನಲ್ಲಿರಲಿ ಎಂದು ಅವಳು. "ಬ್ಯಾಂಕಿನಾಗಿನ ರೊಕ್ಕ ಹಾಲ ಕೊಡತೈತೇನ?" ಎಂದು ಅವನು. ಕೊನೆಗೆ ಅವಳು ಒಂದು ಮಾತಿಗೆ ಒಪ್ಪಿದ್ದಳು: ಎಮ್ಮೆಗೆ ಅರವತ್ತು, ಹೊಟ್ಟು ಹಿಂಡಿಗೂ ತಗಡಿನ ಕೊಟ್ಟಿಗೆಗೂ ಇಪ್ಪತ್ತು. ಅದು ಮೀರಿದರೆ ಎಮ್ಮೆಯ ಹೊಟ್ಟೆ ತುಂಬಿಸಲು ಮತ್ತೆ ಮಂಗಳೂರಿನ ಬಸ್ಸು ಹತ್ತಬೇಕು.

ಪರಶಪ್ಪ ಅವಳತ್ತ ಬಾಗಿ ಪಿಸುಗುಟ್ಟಿದ. "ಎಂಟ ಹಿಡದಾನ. ಎರಡನೇ ಸೂಲು, ಚಲೋ ಎಮ್ಮಿ ಐತಿ. ಹೂಂ ಅಂತೀನಿ."

"ಆರಕ್ಕ ಬಂದ್ರ ಹೂಂ ಅನ್ರಿ."

"ಹಿಂದ ಗಿರಾಕಿ ನಿಂತಾರ. ಬಿಟ್ರ ಹೋತು."

ಸಿದ್ದಾರೂಢ ನಕ್ಕ. "ಲಗೂ ಹೇಳಪಾ ಪರಶಪ್ಪಾ. ಎಮ್ಮಿ ನೀ ಒಯ್ಯಾಂವೋ, ನಿನ್ನ ಹೇಣ್ತಿ ಒಯ್ಯಾಕಿಯೋ?"

"ಒಯ್ಯಾಕಿ ನಾನ. ಸಗಣಿ ಬಳಿಯಾಕಿನೂ ನಾನ," ಎಂದು ಗುಡ್ಡವ್ವ ಗಂಡನ ತೋಳು ಹಿಡಿದು ಎಳೆದಳು. ಟವೆಲ್ಲು ಮಣ್ಣಿಗೆ ಬಿತ್ತು. "ಬೆರಳ ನಾ ಹಿಡೀತೀನಿ."

ಸಿದ್ದಾರೂಢ ಕೈ ಹಿಂದಕ್ಕೆಳೆದುಕೊಂಡ.

"ಹೆಣ್ಣಮಕ್ಕಳ ಕೈ ನಾ ಹ್ಯಾಂಗ ಹಿಡೀಲಿ ತಂಗಿ? ಮಂದಿ ನಗತಾರ."

"ನಿಮ್ಮ ಕೈ ಯಾಕಣ್ಣಾ? ಎಮ್ಮಿ ನಿಮ್ಮದಲ್ಲಲ್ಲ."

ಎಮ್ಮೆಯ ಒಡತಿ ಮುನೀರಾ ತನ್ನ ರೇಟನ್ನು ದಲಾಲಿಯ ಕಿವಿಗೆ ಹೇಳಿ, ಇಷ್ಟು ಹೊತ್ತೂ ಗೂಟದ ಪಕ್ಕ ಕೂತಿದ್ದಳು. ಈಗ ಎದ್ದು ಬಂದಳು. ಸಿದ್ದಾರೂಢ ಅಡ್ಡ ನಿಂತ. "ಬ್ಯಾಡವ್ವ ಮುನೀರಾ. ಇದಕ್ಕೊಂದು ರಿವಾಜ ಐತಿ."

"ಬಾಜೂಕ ಸರೀರಿ ಅಣ್ಣಾ. ಇದು ಸಣ್ಣ ಮಣಕ ಇದ್ದಾಗಿಂದ ಮೇಸಿದಾಕಿ ನಾ, ನಿಮ್ಮ ರಿವಾಜಲ್ಲ."

ಗುಡ್ಡವ್ವ ಸೆರಗು ಹರವಿದಳು. ಅದರ ಕೆಳಗೆ ಎರಡು ಒರಟು ಕೈಗಳು ಕೂಡಿದವು. ಮುನೀರಾ ಮೊದಲು ಐದೂ ಬೆರಳು ಹಿಡಿದಳು. ಬಿಟ್ಟು, ಒಂದನ್ನು ಹಿಡಿದಳು. ಗುಡ್ಡವ್ವನಿಗೆ ನಂಬಿಕೆಯಾಗಲಿಲ್ಲ. ತಾನೇ ಐದು ಹಿಡಿದು, ಆಮೇಲೆ ಮೂರು ಹಿಡಿದು, ಹುಬ್ಬೇರಿಸಿದಳು. ಮುನೀರಾಳ ಕೈ ಬಿಗಿಯಿತು. ಅವಳು ಇಲ್ಲವೆಂದು ತಲೆಯಾಡಿಸಿ, ಕಣ್ಣನ್ನು ಸಿದ್ದಾರೂಢನತ್ತ ಹೊರಳಿಸಿದಳು. ಅವನು ಬಗ್ಗಿ ಟವೆಲ್ಲಿನ ಮಣ್ಣು ಕೊಡವತೊಡಗಿದ್ದ.

ಗುಡ್ಡವ್ವ ಇನ್ನೊಮ್ಮೆ ಹಿಡಿದಳು. ಐದು. ಒಂದು.

"ಎಷ್ಟಕ್ಕ ಆತು?" ಪರಶಪ್ಪ ಕೇಳಿದ. "ಎಂಟಕ್ಕಿಂತ ಕೆಳಗ ಬಂತೇನ?"

"ಟೆಂಪೊ ನೋಡ್ಹೋಗ್ರಿ," ಎಂದಳು ಗುಡ್ಡವ್ವ.

ಅವನು ಹೋದ. ಮುನೀರಾ ಗೂಟದಿಂದ ಹಗ್ಗ ಬಿಚ್ಚಿದಳು, ಆದರೆ ತುದಿ ಬಿಡಲಿಲ್ಲ. ಗುಡ್ಡವ್ವ ಅದನ್ನು ಕೇಳಲೂ ಇಲ್ಲ. ಎಮ್ಮೆಯ ಆಚೆ ಒಬ್ಬಳು, ಈಚೆ ಒಬ್ಬಳು ನಿಂತರು. ಅದು ಮೈ ಅದುರಿಸಿ ನೊಣ ಹಾರಿಸಿತು.