ಹಡಗು ಇಳಿಯುವ ಸೀಟಿ

"ತೋಪಿನ ಕಡೆ ಎತ್ತೋ ಯಾಸೀನ, ಹೆಲಿಕಾಪ್ಟರ್ ಕಡೆ ನಾ ಹಿಡದೇನಿ!"

ನೆರೆಮನೆಯ ಸದಾಶಿವ ಕೂಗಿದ. ಶವ ಹೊರಲು ತಂದ ಖಾಲಿ ಜನಾಜಾ ಬಾಗಿಲಿಗೆ ಓರೆಯಾಗಿ ಸಿಕ್ಕಿಕೊಂಡಿತ್ತು. ತಿಕೋಟಾದ ಈ ಓಣಿಯಲ್ಲಿ ಯಾವುದರ ಮುಂಭಾಗವಾದರೂ ತೋಪಿನ ಕಡೆ, ಹಿಂಭಾಗ ಹೆಲಿಕಾಪ್ಟರ್ ಕಡೆ. ನೌಕಾದಳದ ಡಿಸ್ಟ್ರಾಯರ್ ಹಡಗಿನಲ್ಲಿ ತೋಪು ನೋಡಿಕೊಂಡಿದ್ದ ಜಿಲಾನಿ, ನಿವೃತ್ತನಾಗಿ ಬಂದ ಮೇಲೆ ಒಣದ್ರಾಕ್ಷಿ ಆರಿಸುತ್ತ ಕೂತವರಿಗೆಲ್ಲ ಆ ಹಡಗನ್ನು ಅಷ್ಟು ಸಲ ಬಣ್ಣಿಸಿದ್ದ. ಮುಂದೆ ತೋಪು, ಅದರ ಬೆನ್ನಿಗೆ ಮುಚ್ಚಳದಡಿ ನೆಟ್ಟಗೆ ನಿಂತ ಕ್ಷಿಪಣಿಗಳು, ಮಗ್ಗುಲಿಗೆ ನೀರೊಳಗೆ ಈಜಿಹೋಗಿ ಹೊಡೆಯುವ ಟಾರ್ಪೆಡೊ, ಕೊನೆಗೆ ಹೆಲಿಕಾಪ್ಟರ್. ಇಂದು ಬೆಳಗಿನ ನಮಾಜು ಮುಗಿಸಿ ಗೋಡೆಗೊರಗಿದವನು ಏಳಲಿಲ್ಲ.

ಒಳಗೆ ಹೆಂಗಸರ ಕುರಾನ್ ಓದು ಏರುತ್ತ ಇಳಿಯುತ್ತ ಸಾಗಿತ್ತು. ಜಿಲಾನಿಯ ಹೆಂಡತಿ ಬೀಬಿಜಾನ ಪರದೆಯ ಹಿಂದಿನಿಂದ ಮಸೀದಿಯ ಹಿರಿಯ ಲಾಡಲೇಸಾಬನನ್ನು ಕರೆದಳು.

"ಚಾಚಾ, ಕ್ಯಾಪ್ಟನ್ ಹಡಗ ಇಳಿಯೂವಾಗ ಸೀಟಿ ಊದತಾರಂತ್ರಿ. ಇವರಿಗೆ ಯಾರೂ ಊದಲಿಲ್ಲ. ನನಗ ಯಾವಾಗ ಊದತಾರ ಅಂತ ಕೇಳ್ಕೋತನ ಇದ್ರು. ಒಂದ ಸಲ ಊದಸ್ರಿ."

ಮುದುಕ ಪರದೆಯ ಹತ್ತಿರ ಬಂದ. "ಜನಾಜಾದ ಮುಂದ ಸೀಟಿ ಬ್ಯಾಡವ್ವ. ದುವಾ ಮಾಡೂಣು. ಅದು ಅವನ ಕ್ಷಿಪಣಿಗಿಂತ ದೂರ ಮುಟ್ಟತೈತಿ."

"ಆತ್ರಿ," ಎಂದಳು. ಸೆರಗಿನ ಅಂಚು ಹಲ್ಲಲ್ಲೇ ಉಳಿಯಿತು.

ತಮ್ಮ ಯಾಸೀನ ಅವಳ ಮುಖ ನೋಡಲಾರದೆ ಅಂದ: "ಅಕ್ಕಾ, ಡ್ರೈವರ್‌ಗ ಎಲ್ಲಿ ಕ್ಯಾಪ್ಟನ್ ಸೀಟಿ ಬೇ?"

ಓದುತ್ತಿದ್ದವರಲ್ಲೊಬ್ಬಳು ಕಿಸಕ್ಕೆಂದಳು.

* * *

ಹಿಂದೆ ಜಿಲಾನಿಗೆ ಬಬಲೇಶ್ವರಕ್ಕೆ ಹೆಣ್ಣು ಕೇಳಲು ಹೋದಾಗ, "ಹುಡುಗ ಡಿಸ್ಟ್ರಾಯರ್ ಮ್ಯಾಲ ಅದಾನ್ರಿ" ಎಂದಿದ್ದರು. ಬೀಬಿಜಾನಳ ಅಪ್ಪನಿಗೆ ಕಿವಿ ಮಂದ.

"ಡ್ರೈವರ್? ಸರಕಾರಿ ಬಸ್ಸಾ? ಹಂಗಾರ ದಿನಾ ಮನಿಗೆ ಬರ್ತಾನ. ಕೊಟ್ಟೆ!"

ಪರದೆಯ ಸಂದಿನಿಂದ ಹುಡುಗಿಯನ್ನು ಕಂಡಿದ್ದ ಜಿಲಾನಿ ತಿದ್ದಲು ಹೋಗದೆ ಹೂಂ ಎಂದು ತಲೆಯಾಡಿಸಿಬಿಟ್ಟ.

ಮದುವೆಯಾಗಿ ಹೋದವನು ತಿಂಗಳುಗಟ್ಟಲೆ ಬರಲಿಲ್ಲ. ಮಾವ ವಿಜಯಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತು, "ನಮ್ಮ ಅಳಿಯಾ ಯಾವ ರೂಟಿನ್ಯಾಗ ಅದಾನ್ರಿ?" ಎಂದು ಕಂಡಕಂಡವರನ್ನು ಕೇಳಿದ. ಆಗ ಹಡಗು, ಯುದ್ಧ ಹತ್ತಿದ ದೂರದ ದಡವೊಂದರಿಂದ ನಮ್ಮ ಜನರನ್ನು ಹತ್ತಿಸಿಕೊಂಡು ಬರುತ್ತಿತ್ತು.

ರಜೆಗೆ ಬಂದ ಅಳಿಯ ಮಾವನ ಕಿವಿಯ ಹತ್ತಿರ ಕೂತ. "ರೂಟ್ ಸ್ವಲ್ಪ ಉದ್ದ ಇತ್ರಿ ಮಾವಾರ. ಗಾಡಿ ತುಂಬ ಜನ. ತೋಪಿನ ನೆರಳಾಗ ಕೂಸುಗೋಳು ಮಲಗಿದ್ದೂರಿ."

"ಎಲ್ಲಾರಿಗೂ ಜಾಗಾ ಸಿಕ್ತೇನು?"

"ಸಿಕ್ತ್ರಿ."

"ಹಂಗಾರ ನೀ ಛಲೋ ಡ್ರೈವರ್ ಅದಿ ತಗೋ."

ಅಷ್ಟೂ ಸೇವೆಯಲ್ಲಿ ಜಿಲಾನಿ ಹೆಮ್ಮೆಯಿಂದ ಹೇಳಿಕೊಂಡ ಬಿರುದು ಅದೊಂದೇ.

* * *

ಮಧ್ಯಾಹ್ನದ ನಮಾಜಿನ ಬಳಿಕ ಜನಾಜಾ ಎದ್ದಿತು. ಬೀಬಿಜಾನ ಕಿಟಕಿಗೆ ಬಂದಳು. ಅಲ್ಲಿಂದ ಓಣಿಯ ತುದಿ, ಅದರಾಚೆ ಅಥಣಿ ರಸ್ತೆ ಕಾಣುತ್ತಿತ್ತು. ಹೆಗಲು ಕೊಟ್ಟವರು ರಸ್ತೆಯ ಅಂಚಿಗೆ ಬರುವುದಕ್ಕೂ ವಿಜಯಪುರದ ಬಸ್ಸು ಬರುವುದಕ್ಕೂ ಸರಿಹೋಯಿತು.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕಾಶಿಬಾಯಿ ಜನಾಜಾ ಕಂಡಳು. ಗಾಡಿ ನಿಲ್ಲಿಸಲು ಸೀಟಿಯನ್ನು ತುಟಿಗಿಟ್ಟಳು.

ಒಂದೇ ಸೀಟಿ. ಉಸಿರು ಮುಗಿಯುವ ತನಕ, ಉದ್ದಕ್ಕೆ.

ಬಸ್ಸು ನಿಂತಿತು. ಡ್ರೈವರ್ ಎಂಜಿನ್ ಬಂದ್ ಮಾಡಿ, ಕೆಳಗಿಳಿದು ಕೈಕಟ್ಟಿ ನಿಂತ. ಹೆಗಲು ಕೊಟ್ಟಿದ್ದ ಯಾಸೀನ ನಡೆಯುವುದನ್ನೇ ಮರೆತ. ಸದಾಶಿವ ಬಾಯಿ ತೆರೆದು ಲಾಡಲೇಸಾಬನ ಕಡೆ ನೋಡಿದ.

"ಏನ್ ನೋಡ್ತೀರೋ? ಆಕಿ ಬಸ್ಸಿಗೆ ಊದ್ಯಾಳ," ಎಂದ ಮುದುಕ. ಬಿಳಿಗಡ್ಡದೊಳಗೆ ನಗು ಅಡಗಲಿಲ್ಲ. "ನಡೀರಿ, ನಮ್ಮ ಡ್ರೈವರ್ ಇಳಿಯಾಕತ್ತಾನ."

ಕಿಟಕಿಯಲ್ಲಿ ಬೀಬಿಜಾನಳ ಹಲ್ಲಿನಿಂದ ಸೆರಗು ಜಾರಿತು. ಕಣ್ಣೀರಿನ ಕೆನ್ನೆಯಲ್ಲೇ ಅವಳು ಗಟ್ಟಿಯಾಗಿ ನಕ್ಕಳು.

ಬಸ್ಸಿನೊಳಗೆ ಪ್ರಯಾಣಿಕರೆಲ್ಲ ನೋಡಲು ಎದ್ದು ಒಂದೇ ಮಗ್ಗುಲಿಗೆ ಬಂದಿದ್ದರು. ತೋಪಿನ ಕಡೆಯಿಂದ ಹೆಲಿಕಾಪ್ಟರ್ ಕಡೆಯ ತನಕ ಜನಾಜಾ ಪೂರ್ತಿ ದಾಟುವವರೆಗೂ ಆ ಕೆಂಪು ಬಸ್ಸು, ದಡಕ್ಕೆ ಬಂದ ಹಡಗಿನ ಹಾಗೆ, ತುಸು ವಾಲಿ ನಿಂತಿತ್ತು.